ವಯಸ್ಸು, ಮುಖ, ಕೂದಲು: ಮುಂಬೈಯ ನಮ್ಮ ಹೆಂಗಸರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಲ್ಲಿ ನಾನು ಹೆಂಗಸರ ಪಾರ್ಲರ್ ನಡೆಸುತ್ತೇನೆ. ಬರುವವರಲ್ಲಿ ಬಹಳ ಜನ ನಮ್ಮವರೇ. ಉಡುಪಿ, ಮಂಗಳೂರು ಕಡೆಯವರು, ಧಾರವಾಡ, ವಿಜಯಪುರದವರು, ಕಾರವಾರದವರು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ ಮೇಲೆ ಅವರ ಬಾಯಿಂದ ಬರುವ ಪ್ರಶ್ನೆಗಳೇ ಬೇರೆ. ಮನೆಯಲ್ಲಿ ಕೇಳುವ ಹಾಗಿಲ್ಲ, ಡಾಕ್ಟರ್ ಹತ್ತಿರ ಕೇಳೋಕೆ ಸಂಕೋಚ. ಅಂಥವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಅವರ ಹತ್ತಿರ ಯಾವಾಗ ಹೋಗಬೇಕು ಅನ್ನೋದನ್ನು ಮಾತ್ರ ಆಯಾ ಕಡೆ ಹೇಳಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನ್ನಡಿಯಲ್ಲಿ ಕಾಣೋದರಲ್ಲಿ ಯಾವುದು ವಯಸ್ಸು, ಯಾವುದು ಕಾಯಿಲೆ, ಯಾವುದು ಬರೀ ಜನರ ಬಾಯಿ ಅನ್ನೋದನ್ನು ಬೇರೆ ಬೇರೆ ಮಾಡಿಕೊಳ್ಳಿ. ಮೂರನ್ನೂ ಕಲಸಿಕೊಂಡು ಬಂದವರೇ ಜಾಸ್ತಿ ದುಡ್ಡು ಕಳೆದುಕೊಳ್ಳೋದು, ಜಾಸ್ತಿ ಅಳೋದು.

ಒಂದೆರಡು ವರ್ಷದಲ್ಲೇ ಮುಖ ಇಳಿದುಹೋಯಿತು. ಇಷ್ಟು ಬೇಗ ಹೇಗೆ?

ನಿಮಗೆ ಕಂಡಿದ್ದು ನಿಜ, ಭ್ರಮೆ ಅಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ಮೈಯಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜನ್, ಮುಟ್ಟು ನಿಂತ ಮೊದಲ 5 ವರ್ಷದಲ್ಲೇ ಸುಮಾರು ಶೇ 30ರಷ್ಟು ಕಡಿಮೆಯಾಗುತ್ತದೆ. ಆಮೇಲೆ ಇಳಿಕೆ ನಿಧಾನ. ಹಾಗಾಗಿ ಆ ನಾಲ್ಕೈದು ವರ್ಷದಲ್ಲಿ ಮುಖ ಎದ್ದು ಕಾಣುವಷ್ಟು ಬದಲಾಗುತ್ತದೆ.

12 ತಿಂಗಳು ಒಂದೇ ಸಮನೆ ಮುಟ್ಟು ಬಾರದಿದ್ದರೆ ನಿಂತಿತು ಎಂದು ಲೆಕ್ಕ. ಪರದೇಶದ ವಿಡಿಯೊಗಳಲ್ಲಿ 51 ವರ್ಷ ಎನ್ನುತ್ತಾರೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46, 47ಕ್ಕೇ ನಿಲ್ಲುತ್ತದೆ. ಅದಕ್ಕೂ ಕೆಲವು ವರ್ಷ ಮೊದಲೇ ಚರ್ಮ ಒಣಗೋದು, ನಿದ್ದೆ ಕೆಡೋದು, ಮೈ ಬಿಸಿ ಏರಿ ಬೆವರೋದು ಶುರುವಾಗಬಹುದು. 40ಕ್ಕೆ ಮೊದಲೇ ನಿಂತರೆ ಮಾತ್ರ ಖಂಡಿತ ಡಾಕ್ಟರಿಗೆ ತೋರಿಸಿ. ಅದು ಎಲುಬಿಗೂ ಹೃದಯಕ್ಕೂ ಸಂಬಂಧಪಟ್ಟ ವಿಷಯ.

"ಕೆನ್ನೆ ಒಳಗೆ ಹೋಗಿದೆ, ಏನಾದರೂ ಫೇಶಿಯಲ್ ಇದೆಯಾ?" ಎನ್ನುವವರಿಗೆ ನಾನು ಮೊದಲು ಕೇಳೋದು ಹಲ್ಲಿನ ವಿಷಯ. ಹಿಂದಿನ ದವಡೆ ಹಲ್ಲು ತೆಗೆಸಿ ವರ್ಷಗಟ್ಟಲೆ ಹಾಗೇ ಬಿಟ್ಟವರಿಗೆ ಕೆನ್ನೆ ಗುಳಿ ಬೀಳುತ್ತದೆ. ಅವರಿಗೆ ಬೇಕಾಗಿರೋದು ಹಲ್ಲಿನ ಡಾಕ್ಟರು, ನಾನಲ್ಲ. ಹಾಗೆಯೇ, ಊಟ ಕಡಿಮೆ ಮಾಡದೆ ತೂಕ ತಾನಾಗಿ ಇಳಿದು ಮುಖ ಬತ್ತಿದ್ದರೆ ಸಕ್ಕರೆ, ಥೈರಾಯ್ಡ್, ಟಿ.ಬಿ. ಮೂರನ್ನೂ ನೋಡಿಸಿ. ಅದನ್ನು ವಯಸ್ಸಿನ ತಲೆಗೆ ಕಟ್ಟಬೇಡಿ.

ಫೇಶಿಯಲ್ ಮಾಡಿಸಿದರೆ ಸುಕ್ಕು ಹೋಗುತ್ತದಾ?

ಇಲ್ಲ. ಹಬೆ, ಮಸಾಜ್, ಪ್ಯಾಕ್ ಇವೆಲ್ಲ ಮುಖಕ್ಕೆ ಎರಡು ಮೂರು ದಿನದ ಹೊಳಪು ಕೊಡುತ್ತವೆ. ಅದಕ್ಕಿಂತ ಮುಖ್ಯ, ಒಂದು ಗಂಟೆ ಯಾರೂ "ಅಮ್ಮಾ" ಅಂತ ಕೂಗದೆ ಮಲಗಲು ಸಿಗುತ್ತದೆ. ಅಷ್ಟಕ್ಕೇ ಬನ್ನಿ, ಖುಷಿಯಿಂದ ಮಾಡುತ್ತೇನೆ. ಸುಕ್ಕು ನಿಧಾನ ಮಾಡಬಲ್ಲದ್ದು ಬಿಸಿಲಿನಿಂದ ರಕ್ಷಣೆ, ರಾತ್ರಿ ಹಚ್ಚುವ ರೆಟಿನಾಲ್ ಥರದ ಕ್ರೀಮು, ಮತ್ತೆ ತಂಬಾಕಿನಿಂದ ದೂರ ಇರೋದು. ಎಲೆಯಡಿಕೆಯ ಜೊತೆ ಹಾಕುವ ತಂಬಾಕೂ, ಹಲ್ಲಿಗೆ ತಿಕ್ಕುವ ಮಿಶ್ರಿಯೂ ತಂಬಾಕೇ. ರೆಟಿನಾಲ್ ವಾರಕ್ಕೆ ಎರಡು ರಾತ್ರಿಯಿಂದ ಶುರು ಮಾಡಿ. ಮಗು ಬೇಕು ಎಂದಿರುವವರು, ಬಸುರಿಯರು ಹಚ್ಚಬಾರದು.

ಕೂದಲಿಗೆ ಬಣ್ಣ ಹಚ್ಚುತ್ತಾ ಇರಲಾ, ಬಿಟ್ಟುಬಿಡಲಾ?

ಇದನ್ನು ಕೇಳದೆ ಹೋದವರೇ ಇಲ್ಲ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಇಲ್ಲಿ ಮನೆಮನೆಗೆ ಹಳದಿ-ಕುಂಕು. ಆಗ ಬಂದು "ಬೈತಲೆ ಹತ್ತಿರ ಮಾತ್ರ ಹಚ್ಚಿಬಿಡಿ, ನಾಳೆ ಕರೆದಿದ್ದಾರೆ" ಎನ್ನುತ್ತಾರೆ. ಕನ್ನಡಿ ಮುಂದೆ ಕೂದಲು ಎರಡು ಭಾಗ ಮಾಡಿದರೆ ನಡುವೆ ಬೆರಳಗಲದ ಬಿಳಿ ಗೆರೆ. ಆ ಗೆರೆ ನೋಡಿದ ತಕ್ಷಣ ಅವರ ಕೈ ತಾನಾಗಿ ಸೆರಗಿಗೆ ಹೋಗುತ್ತದೆ, ತಲೆ ಮುಚ್ಚೋಕೆ. ಅಷ್ಟು ನಾಚಿಕೆ! ನನಗೆ ತುಂಬ ಬೇಸರ ಆಗುವುದು ಆಗಲೇ.

ನನ್ನ ಅಭಿಪ್ರಾಯ ಕೇಳಿದರೆ: ಬಣ್ಣ ಹಚ್ಚಿದ ಮುಖ ನಿಮಗೆ ಇಷ್ಟವಾ? ಹಚ್ಚಿ. ಹಚ್ಚದೆ ಹೊರಗೆ ಹೋಗಲು ಹೆದರಿಕೆ ಆಗುತ್ತದೆ ಎಂದಾದರೆ ಸ್ವಲ್ಪ ಯೋಚಿಸಿ. ಪ್ರತಿ ಮೂರು ವಾರಕ್ಕೆ ಒಂದು ಸಂಜೆ, ಆ ದುಡ್ಡು, ತಲೆ ಉರಿ, ಇಷ್ಟೆಲ್ಲ ಯಾರಿಗಾಗಿ?

ಬಿಡಬೇಕು ಎಂದುಕೊಂಡವರಿಗೆ ಲೆಕ್ಕ ಹೇಳುತ್ತೇನೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಹೆಗಲವರೆಗಿನ ಕೂದಲು ಪೂರ್ತಿ ಬೆಳ್ಳಗಾಗಿ ಬರಲು ಎರಡು ವರ್ಷ ಬೇಕೇ ಬೇಕು. ನಡುವಿನ ಎರಡು ಬಣ್ಣದ ಕಾಲವೇ ಕಷ್ಟ. ಕೂದಲು ಗಿಡ್ಡ ಮಾಡಿಸಿದರೆ ಬೇಗ ದಾಟಬಹುದು. ಜಡೆ ಬಿಡಲು ಮನಸ್ಸಿಲ್ಲದವರು ಬೈತಲೆ ನೇರ ತೆಗೆಯದೆ ಓರೆಯಾಗಿ ತೆಗೆಯಿರಿ, ಗೆರೆ ಅಷ್ಟು ಎದ್ದು ಕಾಣದು. ಬಿಳಿ ಕೂದಲು ಒರಟಾಗಿರುತ್ತದೆ. ವಾರಕ್ಕೊಮ್ಮೆ ಎಣ್ಣೆ, ತೊಳೆದ ಮೇಲೆ ಕಂಡೀಷನರ್ ಇದ್ದರೆ ಮೆತ್ತಗಾಗುತ್ತದೆ. ಬಿಳಿ ಕೂದಲಿನ ಮುಂದೆ ಕೆಲವು ಸೀರೆ ಮಂಕಾಗಿ, ಕೆಲವು ಮೊದಲಿಗಿಂತ ಚೆನ್ನಾಗಿ ಕಾಣುತ್ತವೆ. ಕಡುಗೆಂಪು, ನವಿಲುನೀಲಿ, ಬದನೆ ಬಣ್ಣ ಉಟ್ಟು ನೋಡಿ.

ಜೀನತ್ ಅಮಾನ್ 2023ರಲ್ಲಿ ಇನ್‌ಸ್ಟಾಗ್ರಾಮಿಗೆ ಬಂದರು. ಆಗ ಅವರಿಗೆ 71. ಬೆಳ್ಳಿ ಕೂದಲಲ್ಲೇ ಬಂದರು. ಅದಾದ ಮೇಲೆ ನನ್ನ ಹತ್ತಿರ ಬರುವ ಒಂದಿಬ್ಬರು "ಅವರ ಥರ ಬಿಟ್ಟುಬಿಡ್ತೀನಿ" ಎಂದರು. ಸಿನಿಮಾದವರು ಮಾಡಿದರೆ ನಮಗೂ ಧೈರ್ಯ ಬರುತ್ತದೆ, ಅದರಲ್ಲಿ ತಪ್ಪೇನಿದೆ?

ಕರಿ ಮೆಹಂದಿ ಹಚ್ಚುತ್ತೇನೆ. ಅದು ನ್ಯಾಚುರಲ್ ಅಲ್ವಾ?

ಮೆಹಂದಿ ಸೊಪ್ಪು ಯಾವತ್ತೂ ಕಪ್ಪು ಬಣ್ಣ ಕೊಡುವುದಿಲ್ಲ. ಕೊಡೋದು ಕೆಂಪು, ಕಿತ್ತಳೆ ಬಣ್ಣ. ಮೆಹಂದಿ ಹಚ್ಚಿ ಆಮೇಲೆ ನೀಲಿ ಸೊಪ್ಪಿನ ಪುಡಿ ಹಚ್ಚಿದರೆ ಕಪ್ಪಾಗುತ್ತದೆ, ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಅರ್ಧ ಗಂಟೆಯಲ್ಲಿ ಕಡುಕಪ್ಪು ಆಗುವ "ಹರ್ಬಲ್" ಪುಡಿಯಲ್ಲಿ ಹೆಚ್ಚಾಗಿ ಇರೋದು ಪಿಪಿಡಿ ಎಂಬ ರಾಸಾಯನಿಕ. ಪ್ಯಾಕೆಟ್ಟಿನ ಹಿಂದೆ ಪ್ಯಾರಾ ಫಿನೈಲೀನ್ ಡೈಯಮೀನ್ ಎಂದು ಸಣ್ಣಕ್ಷರದಲ್ಲಿ ಇರುತ್ತದೆ.

ಇದು ಯಾರಿಗೂ ಆಗಿಬರಲ್ಲ ಎಂದಲ್ಲ. ಆದರೆ ಆಗದವರಿಗೆ ಜೋರಾಗಿಯೇ ಆಗುತ್ತದೆ. ಕಿವಿಯ ಹಿಂದೆ ತುರಿಕೆ, ಹಣೆಯಂಚಿನಲ್ಲಿ ನೀರುಗುಳ್ಳೆ, ಕಣ್ಣು ಮುಚ್ಚುವಷ್ಟು ಬಾವು. ವರ್ಷಗಟ್ಟಲೆ ಏನೂ ಆಗದವರಿಗೂ ಒಂದು ದಿನ ಅಲರ್ಜಿ ಶುರುವಾಗಬಹುದು. ಹಾಗಾಗಿ ಪ್ರತಿ ಸಲವೂ ಹಚ್ಚುವ 48 ಗಂಟೆ ಮೊದಲು ಮೊಣಕೈ ಒಳಗಡೆ ಅಥವಾ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ನೋಡಿ. ಹಿಂದೆ ಒಂದು ಸಲ ಗುಳ್ಳೆ ಎದ್ದಿದ್ದರೆ ಚುಕ್ಕೆಯೂ ಬೇಡ, ಪಿಪಿಡಿ ಇರುವ ಯಾವುದೂ ಬೇಡ. ಮುಖ ಊದಿ ಉಸಿರಾಡಲು ಕಷ್ಟವಾದರೆ ಕೂಡಲೇ ಆಸ್ಪತ್ರೆಗೆ ಓಡಿ.

ಬೈತಲೆ ಅಗಲವಾಗುತ್ತಿದೆ. ನೆತ್ತಿ ಕಾಣುತ್ತಿದೆ.

ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ. ಅದರ ಚಿಂತೆ ಬಿಡಿ. ನೋಡಬೇಕಾದ್ದು ಎರಡು ಥರದ ಉದುರುವಿಕೆ.

ಡೆಂಗಿ, ಟೈಫಾಯ್ಡ್, ಆಪರೇಷನ್, ಮನೆಯಲ್ಲಿ ಸಾವು, ಇಂಥದ್ದಾದ ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಬರುತ್ತದೆ. ಹೆದರಿಕೆಯಾಗುತ್ತದೆ, ನಿಜ. ಆದರೆ ಕೆಲವು ತಿಂಗಳಲ್ಲಿ ತಾನಾಗಿ ನಿಲ್ಲುತ್ತದೆ, ಮತ್ತೆ ಬೆಳೆಯುತ್ತದೆ. ಎರಡನೆಯದು ನಿಧಾನ. ಉದುರಿದ್ದೇ ಗೊತ್ತಾಗದೆ ಕೂದಲು ಎಳೆ ತೆಳ್ಳಗಾಗುತ್ತಾ ಬೈತಲೆ ಅಗಲವಾಗುತ್ತದೆ. ಇದು ವಯಸ್ಸು ಮತ್ತು ವಂಶದ್ದು. ಇದಕ್ಕೆ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಕೆಲಸ ಮಾಡುತ್ತದೆ. ಡಾಕ್ಟರು ಹೇಳಿದ ಪ್ರಮಾಣದಲ್ಲೇ ಹಚ್ಚಬೇಕು. ಶುರುವಿನಲ್ಲಿ ಉದುರೋದು ಇನ್ನೂ ಜಾಸ್ತಿಯಾಗಬಹುದು, ಅದಕ್ಕೆ ಹೆದರಿ ಬಿಡಬೇಡಿ. ಫಲ ಕಾಣಲು ನಾಲ್ಕರಿಂದ ಆರು ತಿಂಗಳು. ನಿಲ್ಲಿಸಿದರೆ ಮೊದಲಿನ ಹಾಗೇ ಆಗುತ್ತದೆ.

ಎರಡರಲ್ಲಿ ಯಾವುದೇ ಆಗಿರಲಿ, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್, ಬಿ12, ವಿಟಮಿನ್ ಡಿ ಒಂದು ಸಲ ನೋಡಿಸಿ. ಮುಟ್ಟು ನಿಲ್ಲುವ ಮೊದಲಿನ ವರ್ಷಗಳಲ್ಲಿ ರಕ್ತಸ್ರಾವ ಜಾಸ್ತಿಯಾಗಿ ಕಬ್ಬಿಣದಂಶ ಇಳಿದವರು ತುಂಬ ಜನ. ಅವರು ಎಣ್ಣೆ ಮೇಲೆ ಎಣ್ಣೆ ಬದಲಿಸುತ್ತಾ ಇರುತ್ತಾರೆ, ಸುಮ್ನೆ.

ಕೆನ್ನೆ ಮೇಲೆ ಬಂಗು. ಮೆಡಿಕಲ್‌ನವನು ಕೊಟ್ಟ ಕ್ರೀಮಿನಿಂದ ಬೆಳ್ಳಗಾಯಿತು, ಬಿಟ್ಟರೆ ಮತ್ತೆ ಬರುತ್ತಿದೆ.

ಆ ಟ್ಯೂಬ್ ತಂದು ಬೆಳಕಿಗೆ ಹಿಡಿದು ಹಿಂದಿನ ಅಕ್ಷರ ಓದಿ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್, ಫ್ಲೂಸಿನೊಲೋನ್ ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಅದು ಸ್ಟೀರಾಯ್ಡ್. ಡಾಕ್ಟರು ಇಷ್ಟು ವಾರ ಎಂದು ಹೇಳಿ ಕೊಟ್ಟರೆ ಅದು ಔಷಧ. ವರ್ಷಗಟ್ಟಲೆ ಫೇರ್‌ನೆಸ್ ಕ್ರೀಮಿನ ಹಾಗೆ ಬಳಿದುಕೊಂಡರೆ ಮುಖದ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. ಕೆಂಪು ನರ ಕಾಣುತ್ತವೆ, ಬಿಸಿಲಿಗೆ ಹೋದರೆ ಉರಿ, ಗದ್ದದ ಮೇಲೆ ಗುಳ್ಳೆ ಮತ್ತು ಕೂದಲು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿದೆ. ಹಾಗಿದ್ದೂ ಕೌಂಟರ್ ಮೇಲಿಂದ ಕೈಗೆ ಬರುತ್ತವೆ. ಇದು ನನಗೆ ನಿಜವಾಗಿ ಸಿಟ್ಟು ತರಿಸುವ ವಿಷಯ. ಒಳ್ಳೆಯ ಚರ್ಮದ ಹೆಂಗಸರು ಇದರಿಂದ ಮುಖ ಸುಟ್ಟುಕೊಂಡು ಬಂದು ನನ್ನ ಮುಂದೆ ಕೂತಿದ್ದಾರೆ.

ಈಗಾಗಲೇ ವರ್ಷಗಟ್ಟಲೆ ಹಚ್ಚಿದ್ದೀರಾ? ಒಮ್ಮೆಲೇ ನಿಲ್ಲಿಸಿದರೆ ಮುಖ ಕೆಂಪಾಗಿ ಉರಿಯಬಹುದು. ಚರ್ಮದ ಡಾಕ್ಟರ ಹತ್ತಿರ ಹೋಗಿ, ಹೇಗೆ ಬಿಡಬೇಕು ಅವರೇ ಹೇಳುತ್ತಾರೆ. ಖಾಸಗಿಯಲ್ಲಿ ದುಬಾರಿ ಆಗುತ್ತದೆ ಎಂದರೆ ಪರೇಲ್‌ನ ಕೆಇಎಂ, ಸಾಯನ್, ನಾಯರ್, ಕೂಪರ್ ಆಸ್ಪತ್ರೆಗಳಲ್ಲಿ ಚರ್ಮದ ಓಪಿಡಿ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿ. ಸಾಲು ಉದ್ದ ಇರುತ್ತದೆ, ಆದರೆ ನೋಡುವವರು ಓದಿದ ಡಾಕ್ಟರು. ಕ್ರೀಮಿನ ಟ್ಯೂಬನ್ನು ಕೈಚೀಲದಲ್ಲಿ ಹಾಕಿಕೊಂಡೇ ಹೋಗಿ.

ಬಂಗು ಪೂರ್ತಿ ಹೋಗಿಬಿಡುತ್ತದೆ ಎಂದು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಅದು ತಗ್ಗುತ್ತದೆ, ಮತ್ತೆ ಏಳುತ್ತದೆ. ಬಿಸಿಲು, ಗರ್ಭನಿರೋಧಕ ಮಾತ್ರೆ, ಒಲೆಯ ಬಿಸಿ ಎಲ್ಲಕ್ಕೂ ಕೆರಳುತ್ತದೆ. ಕಾರಿನ ಗಾಜಿನಿಂದಲೂ ಬಿಸಿಲಿನ ಯುವಿಎ ಕಿರಣ ಒಳಗೆ ಬರುತ್ತದೆ. ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ ಸನ್‌ಸ್ಕ್ರೀನ್, ಎರಡು ಬೆರಳುದ್ದ ಹಿಂಡಿ, ಮುಖಕ್ಕೂ ಕತ್ತಿಗೂ. ಬಂಗು ಇರುವವರಿಗೆ ಚರ್ಮದ ಬಣ್ಣ ಸೇರಿಸಿದ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು, ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ಇಲ್ಲಿಯ ಸೆಕೆಗೆ ಬೆವರಲ್ಲಿ ಹರಿದುಹೋಗುತ್ತದೆ. ಜೆಲ್ ಥರದ್ದು ತೆಗೆದುಕೊಳ್ಳಿ, ಮಧ್ಯಾಹ್ನ ಮುಖ ಒರೆಸಿ ಇನ್ನೊಮ್ಮೆ ಹಚ್ಚಿ.

ಬೆಳ್ಳಗಾಗುವ ಇಂಜೆಕ್ಷನ್ ಇದೆಯಂತೆ?

ಗ್ಲುಟಾಥಯೋನ್ ಬಗ್ಗೆ ಕೇಳುತ್ತಿದ್ದೀರಿ. ಬಣ್ಣ ತಿಳಿ ಮಾಡೋಕೆ ಎಂದು ಆ ಇಂಜೆಕ್ಷನ್ನಿಗೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಬೇಡ. ಹೆಸರಿಲ್ಲದ ಡಬ್ಬಿಯ ಬಿಳುಪಿನ ಕ್ರೀಮೂ ಬೇಡ. ಕೆಲವದರಲ್ಲಿ ಪಾದರಸ ಇರುತ್ತದೆ, ಅದು ಕಿಡ್ನಿ ಕೆಡಿಸುತ್ತದೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿಯೇ 2020ರಲ್ಲಿ ಹೆಸರಿನಿಂದ "ಫೇರ್" ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ನಾವೂ ನಮ್ಮ ತಲೆಯಿಂದ ಅದನ್ನು ತೆಗೆಯೋಣ.

ಬೊಟ್ಟು ಇಡುವ ಜಾಗದಲ್ಲಿ ಬಿಳಿ ಮಚ್ಚೆ ಆಗಿದೆ.

ಸ್ಟಿಕರ್ ಬಿಂದಿ ಹಚ್ಚುತ್ತೀರಾ? ಅದರ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫಿನಾಲ್ ಎಂಬ ರಾಸಾಯನಿಕ ಇರಬಹುದು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನೇ ಅದು ಕೆಡಿಸಬಲ್ಲದು. ಮೊದಲು ತುರಿಕೆ, ಆಮೇಲೆ ದುಂಡಗೆ ಬಿಂದಿಯ ಆಕಾರದಲ್ಲೇ ಬಿಳುಪು. ಬಹಳ ಜನ ಮಾಡೋದೇನು? ಮಚ್ಚೆ ಮುಚ್ಚಲು ಇನ್ನೂ ದೊಡ್ಡ ಬಿಂದಿ. ಮಚ್ಚೆಯೂ ಅದರ ಜೊತೆ ದೊಡ್ಡದಾಗುತ್ತದೆ.

ಸ್ಟಿಕರ್ ಇವತ್ತೇ ನಿಲ್ಲಿಸಿ. ಕುಂಕುಮ ಇಡೋದಾದರೆ ಅರಿಸಿನ, ಸುಣ್ಣದಿಂದ ಮಾಡಿದ್ದು ಸಿಕ್ಕರೆ ಒಳ್ಳೆಯದು. ಪೇಟೆಯ ಕಡುಗೆಂಪು ಪುಡಿಯಲ್ಲಿ ಬಣ್ಣದ ರಾಸಾಯನಿಕ ಇರುತ್ತದೆ, ಅದಕ್ಕೂ ತುರಿಸಬಹುದು. ಬೇಗ ತೋರಿಸಿದರೆ ಬಣ್ಣ ಮರಳಿ ಬರುವ ಸಾಧ್ಯತೆ ಜಾಸ್ತಿ. ಮಲಗುವಾಗ ಬಿಂದಿ ತೆಗೆದು ಕನ್ನಡಿಗೆ ಅಂಟಿಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ತೆಗೆಯೋದು ಸರಿ, ಅದನ್ನೇ ವಾರಪೂರ್ತಿ ಮತ್ತೆ ಮತ್ತೆ ಹಚ್ಚಬೇಡಿ.

ಗದ್ದದ ಮೇಲೆ ದಪ್ಪ ಕೂದಲು ಬರುತ್ತಿದೆ.

ಈಸ್ಟ್ರೋಜನ್ ಇಳಿದ ಮೇಲೆ ಗಂಡು ಹಾರ್ಮೋನಿನ ಪ್ರಭಾವ ಎದ್ದು ಕಾಣುತ್ತದೆ, ಅದಕ್ಕೇ. ಥ್ರೆಡಿಂಗ್ ಮಾಡಿಸಿ, ಚಿಮುಟದಲ್ಲಿ ಕೀಳಿ, ಬೇಕಿದ್ದರೆ ಮುಖದ ರೇಜರ್ ಆಡಿಸಿ. ಬೋಳಿಸಿದರೆ ದಪ್ಪವಾಗಿ ಬರುತ್ತದೆ ಎನ್ನೋದು ಸುಳ್ಳು. ಲೇಸರ್ ಮಾಡಿಸೋದಾದರೆ ಕೂದಲು ಕಪ್ಪಗಿರುವಾಗಲೇ ಮಾಡಿಸಿ. ಬೆಳ್ಳಗಾದ ಕೂದಲಿಗೆ ಲೇಸರ್ ಹಿಡಿಯುವುದಿಲ್ಲ. ಕೆಲವೇ ತಿಂಗಳಲ್ಲಿ ಗಡ್ಡದ ಹಾಗೆ ಬೆಳೆದು ದನಿಯೂ ಒಡೆದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಕತ್ತಿನ ಹಿಂದೆ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗಲ್ಲ.

ಅದು ಕೊಳೆ ಅಲ್ಲ, ಉಜ್ಜಬೇಡಿ. ಚರ್ಮ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಇರಬಹುದು. ಸಕ್ಕರೆ ಪರೀಕ್ಷೆ ಮಾಡಿಸಿ. ಬ್ಲೀಚ್ ಕೇಳಿಕೊಂಡು ಬಂದವರನ್ನು ನಾನು ಮೊದಲು ಲ್ಯಾಬಿಗೆ ಕಳಿಸುತ್ತೇನೆ.

ಓಲೆ ಹಾಕಿ ಹಾಕಿ ಕಿವಿ ತೂತು ಉದ್ದವಾಗಿದೆ. ಇನ್ನೇನು ಹರಿಯುತ್ತದೆ.

ವಯಸ್ಸಾದ ಹಾಗೆ ಕಿವಿಯ ಹಾಲೆಯೂ ತೆಳ್ಳಗೆ, ಜೋಲಾಗುತ್ತದೆ. ಅದರ ಮೇಲೆ ಮದುವೆಯಲ್ಲಿ ಕೊಟ್ಟ ಭಾರದ ಓಲೆ, ಜುಮುಕಿ! ಇದಕ್ಕೆ ಸುಲಭದ ದಾರಿ ಇದೆ, ಬಹಳ ಜನರಿಗೆ ಗೊತ್ತೇ ಇಲ್ಲ. ಚರ್ಮದ ಡಾಕ್ಟರು ಅಥವಾ ಪ್ಲಾಸ್ಟಿಕ್ ಸರ್ಜನ್ ಅಲ್ಲಿಗಷ್ಟೇ ಮರಗಟ್ಟಿಸಿ, ತೂತಿನ ಅಂಚು ಕತ್ತರಿಸಿ ಹೊಲಿಯುತ್ತಾರೆ. ಅದೇ ದಿನ ಮನೆಗೆ ಬರಬಹುದು. ಒಂದು ವಾರದ ಆಸುಪಾಸಿನಲ್ಲಿ ಹೊಲಿಗೆ ಬಿಚ್ಚುತ್ತಾರೆ. ಎರಡು ಮೂರು ತಿಂಗಳ ಮೇಲೆ ಪಕ್ಕದಲ್ಲಿ ಹೊಸ ತೂತು. ಬಝಾರಿನಲ್ಲಿ ಸಿಗುವ ಅಂಟು ಸುರಿದು ಕೂಡಿಸುವವರ ಹತ್ತಿರ ಮಾತ್ರ ಹೋಗಬೇಡಿ. ಅಲ್ಲಿಯವರೆಗೆ ಹಗುರ ಓಲೆ ಹಾಕಿ. ಜುಮುಕಿ ಹಾಕಲೇಬೇಕಾದ ದಿನ ಮಾಟಿ ಹಾಕಿಕೊಂಡರೆ ಭಾರ ಕೂದಲ ಮೇಲೆ ಬೀಳುತ್ತದೆ. ಮಲಗುವಾಗ ತೆಗೆದಿಡಿ.

ತಿನ್ನೋದು ಅಷ್ಟೇ, ಆದರೆ ಬ್ಲೌಸ್ ಒಂದೂ ಆಗುತ್ತಿಲ್ಲ.

ಮೊದಲು ಸೊಂಟ, ತೊಡೆಯಲ್ಲಿ ಕೂರುತ್ತಿದ್ದ ಕೊಬ್ಬು ಈಗ ಹೊಟ್ಟೆಗೆ ಬರುತ್ತದೆ. ಮಾಂಸಖಂಡ ಕರಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಸಕ್ಕರೆ, ಬಿಪಿ ಕಡೆ ಗಮನ ಇಡಬೇಕು.

ಬ್ಲೌಸಿನ ಮಾತಿಗೆ ಬರೋಣ. ಹಳೇ ಬ್ಲೌಸಿನಲ್ಲಿ ಉಸಿರು ಕಟ್ಟಿಕೊಂಡು ಮದುವೆಗೆ ಹೋಗೋದು ಯಾಕೆ? ಒಳಗಡೆ ಬಿಟ್ಟಿರುವ ಬಟ್ಟೆ ಬಿಚ್ಚಿಸಿ, ಅದೂ ಸಾಲದಿದ್ದರೆ ಕಂಕುಳಲ್ಲಿ ಪಟ್ಟಿ ಕೊಡಿಸಿ, ಇಲ್ಲವೇ ಹೊಸದು ಹೊಲಿಸಿ. ಇವತ್ತಿನ ಮೈಗೆ ಇವತ್ತಿನ ಅಳತೆ. ಆ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ.

ನಡೆಯೋದರ ಜೊತೆ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಮಾಡಿ. ಸೊಸೈಟಿಯ ಜಿಮ್ಮಿಗೆ ಸೀರೆಯವರು, ಸಲ್ವಾರಿನವರು ಹೋಗಬಾರದು ಎಂದು ಎಲ್ಲೂ ಬರೆದಿಲ್ಲ. ಮುಟ್ಟು ನಿಂತ ಮೇಲೆ ಎಲುಬು ಬೇಗ ಸವೆಯುತ್ತದೆ. ಬೆನ್ನು ಬಾಗೋದು, ಎತ್ತರ ಕಡಿಮೆಯಾಗೋದು ಅದರಿಂದಲೇ. ಈ ವಯಸ್ಸಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಇದೆ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300. ಎಳ್ಳು, ಮೀನಿನ ಸಣ್ಣ ಮುಳ್ಳೂ ಲೆಕ್ಕಕ್ಕೆ ಬರುತ್ತವೆ. ಮಾಟುಂಗದಲ್ಲಿ ರಾಗಿ ಹಿಟ್ಟು ಸುಲಭವಾಗಿ ಸಿಗುತ್ತದೆ. ನಾಚಣಿ ಎಂದು ಕೇಳಿದರೆ ಎಲ್ಲ ಅಂಗಡಿಯಲ್ಲೂ ಕೊಡುತ್ತಾರೆ.

ಮಗಳ ಮದುವೆ ಇದೆ. ಬೊಟಾಕ್ಸ್ ಮಾಡಿಸಲಾ?

ನಿಮ್ಮ ಮುಖ, ನಿಮ್ಮ ದುಡ್ಡು. ಬೇಕೆನಿಸಿದರೆ ಮಾಡಿಸಿ, ನಾಚಿಕೆ ಪಡಬೇಕಾಗಿಲ್ಲ. ಬೊಟಾಕ್ಸ್ ಅಂದರೆ ಸುಕ್ಕು ತಗ್ಗಿಸುವ ಇಂಜೆಕ್ಷನ್. ಅದರ ಪೂರ್ತಿ ಪರಿಣಾಮಕ್ಕೆ ಎರಡು ವಾರ ಬೇಕು. ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಹಾಗಾಗಿ ಮದುವೆಗೆ ಒಂದು ತಿಂಗಳು ಮೊದಲಾದರೂ ಆಗಿರಲಿ. ಲೇಸರ್, ಚರ್ಮದ ಮೇಲ್ಪದರ ಸುಲಿಸುವ ಪೀಲ್ ಇವು ನಮ್ಮ ಕಂದು ಚರ್ಮದಲ್ಲಿ ಕಪ್ಪು ಕಲೆ ಬಿಡಬಹುದು. ಅವನ್ನು ಕೊನೆಯ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಮಾಡುವವರು ಯಾರು ಅನ್ನೋದೇ ಮುಖ್ಯ. ಚರ್ಮದ ಎಂ.ಡಿ., ಡಿ.ಎನ್.ಬಿ. ಅಥವಾ ಪ್ಲಾಸ್ಟಿಕ್ ಸರ್ಜನ್ ಆಗಿರಬೇಕು. ಬೋರ್ಡಿನ ಮೇಲೆ "ಕಾಸ್ಮೆಟಾಲಜಿಸ್ಟ್" ಎಂದಿದ್ದರೆ ಡಾಕ್ಟರೇ ಎಂದು ಅರ್ಥ ಅಲ್ಲ. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಕೇಳಿ. ಪಾರ್ಲರಿನಲ್ಲಿ ಸೂಜಿ ಹಾಕಿಸಿಕೊಳ್ಳಬೇಡಿ. ಪಾರ್ಲರಿನವಳಾಗಿಯೇ ಹೇಳುತ್ತಿದ್ದೇನೆ. ಇನ್ನು ನನ್ನ ಕೆಲಸ: ಫೇಶಿಯಲ್ ನಾಲ್ಕೈದು ದಿನ ಮೊದಲು, ಥ್ರೆಡಿಂಗ್ ಎರಡು ದಿನ ಮೊದಲು, ಅದೇ ದಿನ ಬ್ಲೀಚ್ ಬೇಡ. ಹಿಂದೆ ಹಚ್ಚದ ಯಾವ ಕ್ರೀಮೂ ಆ ವಾರ ಬೇಡ.

ಟ್ರೇನಿನಲ್ಲಿ ಹುಡುಗಿಯೊಬ್ಬಳು "ಆಜಿ, ಬಸಾ" ಎಂದು ಸೀಟು ಬಿಟ್ಟಳು. ಮನೆಗೆ ಬಂದು ಅತ್ತೆ.

ಅತ್ತಿದ್ದರಲ್ಲಿ ತಪ್ಪಿಲ್ಲ. ನಿನ್ನೆಯವರೆಗೆ ಲೇಡೀಸ್ ಡಬ್ಬಾದಲ್ಲಿ "ತಾಈ" (ಅಕ್ಕ), "ಕಾಕು" (ಚಿಕ್ಕಮ್ಮ) ಆಗಿದ್ದವರಿಗೆ ಒಮ್ಮೆಲೇ ಅಜ್ಜಿ ಅಂದರೆ ಎದೆ ಧಸಕ್ ಅನ್ನುತ್ತದೆ. ಆದರೂ ಆ ಹುಡುಗಿ ಕೆಟ್ಟದ್ದು ಮಾಡಲಿಲ್ಲ. ಠಾಣೆಯಲ್ಲಿ ಹತ್ತಿ ಸಿಎಸ್‌ಎಂಟಿವರೆಗೆ ನಿಲ್ಲಬೇಕಾದವಳು ಎದ್ದು ಕೊಟ್ಟಳು. ಕೂತುಕೊಳ್ಳಿ.

ಊರಿಂದ ಬಂದವರ ಮಾತು ಬೇರೆ. "ಎಷ್ಟು ಇಳಿದು ಹೋಗಿದ್ದೀ! ಏನೇ ಇದು, ಎಷ್ಟು ದಪ್ಪ! ಕೂದಲಿಗೆ ಏನೂ ಹಚ್ಚಲ್ವಾ?" ಇದನ್ನು ಪ್ರೀತಿಯಿಂದ ಹೇಳುವವರೂ ಇದ್ದಾರೆ, ಚುಚ್ಚುವವರೂ ಇದ್ದಾರೆ. ಇಬ್ಬರಿಗೂ ಒಂದೇ ಉತ್ತರ ಸಾಕು: "ಹೌದು ಅತ್ತಿಗೆ, ವಯಸ್ಸಾಯಿತಲ್ಲ. ಕಾಫಿ ಹಾಕಲಾ?" ವಾದ ಮಾಡಬೇಡಿ, ಕಾರಣ ಕೊಡಬೇಡಿ. ಹೆಣ್ಣುಮಕ್ಕಳ ಎದುರಿಗೆ ಹೇಳಿದರೆ ಮಾತ್ರ ನಿಲ್ಲಿಸಿ. "ಅವಳ ಮುಂದೆ ಮೈ ಬಗ್ಗೆ ಮಾತು ಬೇಡ" ಎಂದು ನೇರವಾಗಿ ಹೇಳಿ.

ಗಂಡ ಹೋದ ಮೇಲೆ ಬಣ್ಣದ ಸೀರೆ, ಬೊಟ್ಟು, ಪಾರ್ಲರ್ ಎಲ್ಲಾ ಬಿಟ್ಟೆ. ಮನಸ್ಸಿಗೆ ಬೇಕೆನಿಸುತ್ತದೆ. ಜನ ಏನಂದಾರು?

ಈ ಪ್ರಶ್ನೆ ಯಾವಾಗಲೂ ಪಿಸುಮಾತಿನಲ್ಲೇ ಬರುತ್ತದೆ. ನಾನು ಗಟ್ಟಿಯಾಗಿ ಉತ್ತರ ಕೊಡುತ್ತೇನೆ: ಬನ್ನಿ, ಕೂತುಕೊಳ್ಳಿ, ಹುಬ್ಬು ಮಾಡೋಣ.

ನೀವು ಇರುವ ನೆಲದ ಕಥೆ ಕೇಳಿ. 1890ರಲ್ಲಿ ಇದೇ ಮುಂಬೈಯ ಕ್ಷೌರಿಕರು ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಸೇರಿ, ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲ ಎಂದು ತೀರ್ಮಾನ ಮಾಡಿದರು. 1896ರಲ್ಲಿ ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆ ಪುಣೆಯಲ್ಲಿ ವಿಧವೆಯರಿಗೆ ಆಶ್ರಮ ತೆರೆದರು. ಅವರ ಎರಡನೇ ಮದುವೆಯೂ ವಿಧವೆಯ ಜೊತೆಗೇ ಆಗಿತ್ತು. 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆ, ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ ತೆಗೆಸುವುದು ಇನ್ನು ನಮ್ಮೂರಲ್ಲಿ ಇಲ್ಲ ಎಂದು ಠರಾವು ಮಾಡಿತು. ಉಳಿದ ಊರುಗಳೂ ಹಾಗೇ ಮಾಡಲಿ ಎಂದು ಮಹಾರಾಷ್ಟ್ರ ಸರ್ಕಾರ ಸುತ್ತೋಲೆ ಕಳಿಸಿತು. ಹೇರವಾಡ ನಮ್ಮ ಕರ್ನಾಟಕದ ಗಡಿಗೆ ತಾಗಿದ ಹಾಗೇ ಇದೆ.

ಒಂದು ಹಳ್ಳಿಗೆ ಆಗಿದ್ದು ನಮ್ಮ ಬಿಲ್ಡಿಂಗಿಗೆ ಯಾಕೆ ಆಗಬಾರದು? ಹಳದಿ-ಕುಂಕು ಮಾಡುವವರಿಗೂ ನನ್ನದೊಂದು ವಿನಂತಿ. ಗಂಡ ಹೋದವರನ್ನೂ ಕರೆಯಿರಿ. ಎಳ್ಳು-ಬೆಲ್ಲ ಕೊಡುವಾಗ ಕೈ ಹಿಂದೆ ಎಳೆಯಬೇಡಿ.

ಕನ್ನಡಿ ನೋಡೋಕೇ ಮನಸ್ಸಿಲ್ಲ. ಫಂಕ್ಷನ್‌ಗಳಿಗೆ ಹೋಗೋದೂ ಬಿಟ್ಟಿದ್ದೇನೆ.

ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ, ಜೊತೆಗೆ ನಿದ್ದೆ ಇಲ್ಲ, ಊಟ ಸೇರಲ್ಲ, ಸುಮ್ಸುಮ್ನೆ ಅಳು ಬರುತ್ತದೆ ಎಂದಾದರೆ ಇದು ಮುಖದ ಸಮಸ್ಯೆ ಅಲ್ಲದಿರಬಹುದು. ಮುಟ್ಟು ನಿಲ್ಲುವ ಕಾಲದಲ್ಲಿ ಖಿನ್ನತೆ ಬರುವ ಸಾಧ್ಯತೆ ಹೆಚ್ಚು, ಅದಕ್ಕೆ ಔಷಧ ಇದೆ. ಮೈ ಬಿಸಿ ಏರೋದು, ನಿದ್ದೆಗೇಡಿಗೂ ಇದೆ. ಸ್ತ್ರೀರೋಗ ತಜ್ಞರ ಹತ್ತಿರ ಹಾರ್ಮೋನ್ ಚಿಕಿತ್ಸೆ ನಿಮಗೆ ಹೊಂದುತ್ತದಾ ಎಂದು ಬಾಯಿಬಿಟ್ಟು ಕೇಳಿ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಉಳಿದ ಬಹಳ ಜನರಿಗೆ ಕೊಡಬಹುದು. ಯಾರ ಹತ್ತಿರವೂ ಹೇಳಲಾಗದಿದ್ದರೆ ಮನಸ್ಸಿನ ತೊಂದರೆಗೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಇಲ್ಲ, ಹಗಲೂ ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೂ ಮಾತಾಡಬಹುದು.

ಇಲ್ಲೇ ಇನ್ನೊಂದು ಮಾತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. "ಮತ್ತೆ ಹರೆಯ ಬಂತು" ಎಂದು ನಕ್ಕು ಬಿಡುವವರಿದ್ದಾರೆ. ಬಿಡಬೇಡಿ.

ಅಮ್ಮನಿಗೆ 80 ದಾಟಿದೆ. ಮೈ ತುರಿಸುತ್ತದೆ, ಮುಟ್ಟಿದರೆ ನೀಲಿಗಟ್ಟುತ್ತದೆ. ಅವರಿಗೆ ಏನು ಮಾಡಲಿ?

ತುಂಬ ಬಿಸಿ ನೀರು, ಕಡಲೆಹಿಟ್ಟು, ಸ್ಕ್ರಬ್ ಎಲ್ಲ ನಿಲ್ಲಿಸಿ. ಉಗುರುಬೆಚ್ಚಗಿನ ನೀರು, ಸೋಪು ಕಂಕುಳಿಗೂ ತೊಡೆಸಂದಿಗೂ ಮಾತ್ರ. ಮೈ ಒತ್ತಿ ಒರೆಸಿ, ಉಜ್ಜಬೇಡಿ. ಪಸೆ ಆರುವ ಮೊದಲೇ ಕೊಬ್ಬರಿ ಎಣ್ಣೆ ಅಥವಾ ವಾಸನೆ ಇಲ್ಲದ ದಪ್ಪ ಕ್ರೀಮ್ ಹಚ್ಚಿ, ಮುಖ್ಯವಾಗಿ ಮೊಣಕಾಲಿನ ಕೆಳಗೆ. ಮಳೆಗಾಲದಲ್ಲಿ ಬೆರಳಸಂದಿ, ಎದೆಯ ಕೆಳಗೆ ಒಣಗಿಸಿ ಇಡಿ, ಬೂಸು ಹಿಡಿಯುವುದು ಅಲ್ಲೇ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಬೇಗ ನೀಲಿಗಟ್ಟುತ್ತದೆ. ದಿನೇ ದಿನೇ ಜಾಸ್ತಿಯಾದರೆ ಮಾತ್ರೆ ಕೊಟ್ಟ ಡಾಕ್ಟರಿಗೆ ತಿಳಿಸಿ. ಕೈಯ ಬಿಗಿ ಬಳೆ ದೊಡ್ಡದು ಮಾಡಿಸಿ. ಬಳೆ ಹಾಕುವ ಆಸೆ ಅವರಿಗಿದ್ದರೆ ಗಾಜು ಬೇಡ, ಅಂಚು ನುಣುಪಾದದ್ದು ಕೊಡಿಸಿ.

ಮತ್ತೆ, ಅವರನ್ನು ಒಂದು ಸಲ ಕೇಳಿ, "ಅಮ್ಮಾ, ಗದ್ದದ ಕೂದಲು ತೆಗೆಯಲಾ?" ಎಂದು. ಕಣ್ಣು ಮಂಜಾದವರಿಗೆ ತಾವೇ ತೆಗೆಯಲು ಆಗುವುದಿಲ್ಲ, ಬಾಯಿಬಿಟ್ಟು ಕೇಳುವುದೂ ಇಲ್ಲ. ಮೆಟ್ಟಿಲು ಹತ್ತಲಾಗದ ಅಜ್ಜಿಯರಿಗೆ ನಾನು ಮನೆಗೇ ಬಂದು ಮಾಡುತ್ತೇನೆ. ನಿಮ್ಮ ಬಿಲ್ಡಿಂಗ್ ಹತ್ತಿರದ ಪಾರ್ಲರಿನಲ್ಲೂ ವಿಚಾರಿಸಿ, ಬಹಳ ಜನ ಬರುತ್ತಾರೆ.